ಕೆರೆ ದಂಡೆಗೆ ಹಳೇ ಟಿವಿಎಸ್ ಎಕ್ಸೆಲ್ ಮೊಪೆಡ್: ಗಾಳ ಹಾಕುವವರು ಗಾಡಿ ಕೊಳ್ಳುವಾಗ ನೋಡಬೇಕಾದದ್ದು

ಮೀನಿಗೆ ಹೋಗುವವರ ದಾರಿ ಶುರುವಾಗುವುದೇ ಡಾಂಬರು ಮುಗಿದ ಮೇಲೆ. ಚಕ್ಕಡಿ ಜಾಡು, ಒಡ್ಡಿನ ಏರು, ಕಾಲುವೆ ಕಟ್ಟೆ, ಜಾಲಿ ಕಂಟಿಯ ಸಂದು. ಅಂಥಲ್ಲಿ ಗಾಡಿ ಹೂತರೆ ಕೂಗಿದರೂ ಬರುವವರಿಲ್ಲ, ಒಬ್ಬರೇ ಎತ್ತಿ ಪಕ್ಕಕ್ಕೆ ಇಡುವಂತಿರಬೇಕು. ಹಾಗಾಗಿ ಮೈಲೇಜು, ಬಣ್ಣ ಎಲ್ಲ ಆಮೇಲೆ, ಮೊದಲು ತೂಕ ನೋಡಿ. ಸ್ಪ್ಲೆಂಡರ್ 110 ಕಿಲೋ ದಾಟುತ್ತದೆ. ಆಕ್ಟಿವಾ ಕೂಡ 100ರ ಮೇಲೆಯೇ, ಅದರ ಹಿಂದಿನ ಗಾಲಿ ಬರೀ 10 ಇಂಚಿನದು, ಒಂದು ಗುಂಡಿಗೆ ಇಳಿದರೆ ಹೊಟ್ಟೆ ನೆಲಕ್ಕೆ ಕೂರುತ್ತದೆ. ಟಿವಿಎಸ್ ಎಕ್ಸೆಲ್ ಸೂಪರ್ 70 ಕಿಲೋ ಆಸುಪಾಸು, ಎಕ್ಸೆಲ್ 100 ಮಾದರಿಗೆ ತಕ್ಕಂತೆ 80ರಿಂದ 90ರ ನಡುವೆ. ಎರಡಕ್ಕೂ 16 ಇಂಚಿನ ಕಡ್ಡಿ ಗಾಲಿ. ಹುಬ್ಬಳ್ಳಿಯಿಂದ ರೋಣದವರೆಗೆ ಹಾಲಿನ ಕ್ಯಾನಿನವರು, ಕಾಯಿಪಲ್ಲೆಯವರು ಇದನ್ನೇ ಹಿಡಿದಿರುವುದಕ್ಕೆ ಕಾರಣ ಬೇರೆ ಹೇಳಬೇಕಿಲ್ಲ.

ಎರಡರಲ್ಲಿ ಯಾವುದು? ಸೂಪರ್ ಅಂದರೆ 70 ಸಿಸಿಯ ಟೂ ಸ್ಟ್ರೋಕ್. ಹಗುರ, ಕೆಟ್ಟರೆ ಹಳ್ಳಿಯ ಸೈಕಲ್ ಅಂಗಡಿಯವನೂ ಬಿಚ್ಚುತ್ತಾನೆ. ಆದರೆ ಲೀಟರು ಪೆಟ್ರೋಲಿಗೆ 20 ಮಿಲಿ ಲೆಕ್ಕದಲ್ಲಿ ಟೂಟಿ (2T, ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್ ಬೆರೆಸಬೇಕು, 4 ಲೀಟರಿನ ಟ್ಯಾಂಕು ತುಂಬಿಸಿದರೆ 80 ಮಿಲಿ. ಹಿಂದಿನ ಮಾಲೀಕ ಅದರಲ್ಲಿ ಜಿಪುಣತನ ಮಾಡಿದ್ದರೆ ಪಿಸ್ಟನ್ ಗೀರು ಬಿದ್ದಿರುತ್ತದೆ, ಕೈ ಬಿಟ್ಟು ಸುರಿದಿದ್ದರೆ ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿಕೊಂಡು ಎಳೆತ ಸತ್ತಿರುತ್ತದೆ. ಎಕ್ಸೆಲ್ 100 ಬಂದದ್ದು 2015ರಲ್ಲಿ, ಫೋರ್ ಸ್ಟ್ರೋಕ್. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಅದಕ್ಕೆ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಮೀನಿಗೆ ಹೋಗುವವರಿಗೆ 2017ರಿಂದ 2020ರ ಮಾರ್ಚ್ ಒಳಗೆ ನೋಂದಣಿಯಾದ ಕಾರ್ಬ್ಯುರೇಟರ್ ಎಕ್ಸೆಲ್ 100 ಸರಿಹೊಂದುತ್ತದೆ. ಹಳ್ಳದಲ್ಲಿ ನೀರು ಹೊಕ್ಕರೂ ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಪಾನಾ ಇದ್ದರೆ ದಂಡೆಯಲ್ಲೇ ಕೂತು ಸರಿಮಾಡಬಹುದು. ಇಂಜೆಕ್ಷನ್ ಗಾಡಿ ಓಡಿಸಲು ಚೆಂದ, ಆದರೆ ನೀರು ಕುಡಿದರೆ ತಳ್ಳಿಕೊಂಡು ಊರಿಗೆ ಬರಬೇಕು. ಸೂಪರ್ ಕೊಳ್ಳುವವರು ನೋಂದಣಿಯ 15 ವರ್ಷದ ಅವಧಿ ಯಾವಾಗ ಮುಗಿಯುತ್ತದೆ ಎಂದು ಮೊದಲೇ ನೋಡಿಕೊಳ್ಳಲಿ. ಅದು ಮುಗಿದರೆ ಗಾಡಿ ತಪಾಸಣೆ, ನವೀಕರಣ ಶುಲ್ಕ, ಹಸಿರು ತೆರಿಗೆ ಒಂದರ ಹಿಂದೆ ಒಂದು ಬರುತ್ತವೆ.

ಗಾಡಿ ನೋಡಲು ಬೆಳಿಗ್ಗೆ ಹೋಗಿ. "ನಾನು ಬರೋತನಕ ಚಾಲೂ ಮಾಡಬ್ಯಾಡ್ರಿ" ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಇಂಜಿನ್ ಮೇಲೆ ಅಂಗೈ ಇಟ್ಟು ನೋಡಿ, ಬಿಸಿ ಇದ್ದರೆ ತಣ್ಣಗಿರುವಾಗ ಅದು ಸುಲಭಕ್ಕೆ ಚಾಲೂ ಆಗುವುದಿಲ್ಲವೇನೋ ಎಂದು ಅನುಮಾನಿಸಿ. ಕಿಕ್ಕರನ್ನು ಕೈಯಿಂದಲೇ ನಿಧಾನ ಒತ್ತಿ ನೋಡಿ. ಒಂದು ಹಂತದಲ್ಲಿ ಗಟ್ಟಿ ತಡೆ ಸಿಗಬೇಕು. ಎಲ್ಲೂ ತಡೆಯದೆ ಸರಕ್ಕನೆ ಇಳಿದರೆ ಕಂಪ್ರೆಷನ್ ಇಲ್ಲ, ಬೋರ್ ಮತ್ತು ಪಿಸ್ಟನ್ ಖರ್ಚು ಕಾದಿದೆ. ಎಕ್ಸೆಲ್ 100ರಲ್ಲಿ ನೀಲಿ ಹೊಗೆ ಕಂಡರೆ ಆಯಿಲ್ ಸುಡುತ್ತಿದೆ. ಸೂಪರ್‌ನಲ್ಲಿ ತೆಳು ಹೊಗೆ ಸಹಜ, ಅದಕ್ಕೆ ಹೆದರಬೇಕಿಲ್ಲ. ಎಕ್ಸೆಲ್ 100ರಲ್ಲಿ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡುವುದನ್ನು ಮಾತ್ರ ಮರೆಯಬೇಡಿ. ಆಯಿಲ್ ಚಹಾಕ್ಕೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ, ಗಾಡಿ ಎಂದೋ ಹಳ್ಳದಲ್ಲಿ ಮುಳುಗಿ ಎದ್ದಿರಬಹುದು.

ಈಗ ಅಸಲು ವಿಷಯ. ಎಕ್ಸೆಲ್‌ನಲ್ಲಿ ಗೇರು ಇಲ್ಲ. ಇಂಜಿನ್ ವೇಗ ಏರಿದಂತೆ ಕ್ಲಚ್ಚಿನ ತೂಕದ ತುಂಡುಗಳು (ಕ್ಲಚ್ ಶೂ) ಹೊರಕ್ಕೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ, ವೇಗ ಇಳಿದರೆ ಸ್ಪ್ರಿಂಗು ಅವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಚೀಲಗಟ್ಟಲೆ ಗೊಬ್ಬರ ಹೇರಿ ಏರು ಹತ್ತಿಸಿದ ಗಾಡಿಯಲ್ಲಿ ಮೊದಲು ಸಾಯುವುದು ಇದೇ. ನಡು ಸ್ಟ್ಯಾಂಡಿಗೆ ಹಾಕಿ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಹಿಂದಿನ ಗಾಲಿ ಸುಮ್ಮನೆ ನಿಂತಿರಬೇಕು, ಅಥವಾ ಸೋಮಾರಿಯಂತೆ ತಿರುಗಿದರೂ ಚಪ್ಪಲಿ ತಾಗಿಸಿದರೆ ನಿಲ್ಲಬೇಕು. ನಿಲ್ಲದಿದ್ದರೆ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಇಳಿಸಿ ನೋಡಿ. ಆಗಲೂ ತಿರುಗಿದರೆ ಕ್ಲಚ್ ಸ್ಪ್ರಿಂಗು ಸೋತಿದೆ. ಇಂಥ ಗಾಡಿ ಒಡ್ಡಿನ ತುದಿಯಲ್ಲಿ ನಿಲ್ಲಿಸಿದಾಗ ತಾನೇ ಮುಂದಕ್ಕೆ ಹೊರಡುತ್ತದೆ, ಮುಂದೆ ಇರುವುದು ನೀರು.

ಆಮೇಲೆ ಹಿಂದೊಬ್ಬರನ್ನು ಕೂರಿಸಿಕೊಂಡು ಹತ್ತಿರದ ಏರಿನಲ್ಲಿ ನಿಂತಲ್ಲಿಂದ ಹೊರಡಿ. ಇಂಜಿನ್ ಭರ್‍ರೆಂದು ಕೂಗಿ ಗಾಡಿ ಮಾತ್ರ ತೆವಳಿದರೆ, ಸುಟ್ಟ ಹಲಗೆಯಂಥ ವಾಸನೆ ಬಂದರೆ, ಕ್ಲಚ್ ಲೈನಿಂಗ್ ಮುಗಿದಿದೆ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ತಿರುವಿ ಪರೀಕ್ಷೆ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ, ಚೆನ್ನಾಗಿದ್ದ ಲೈನಿಂಗೂ ಅದರಲ್ಲೇ ಕರಗುತ್ತದೆ.

ಚೌಕಟ್ಟನ್ನು ಕೂತು, ಬಗ್ಗಿ, ಟಾರ್ಚ್ ಬೆಳಕು ಬಿಟ್ಟು ನೋಡಬೇಕು. ಕಾಲಿಡುವ ಜಾಗದ ಕೆಳಗಿನ ಪೈಪು, ಹ್ಯಾಂಡಲ್ ಕೂರುವ ಕತ್ತು, ಹಿಂದಿನ ಕ್ಯಾರಿಯರ್ ಬೆಸುಗೆ, ಈ ಮೂರೂ ಕಡೆ ಭಾರಕ್ಕೆ ಬಿರುಕು ಬೀಳುತ್ತವೆ. ಒಂದೇ ಕಡೆ ಹೊಸ ಪೇಂಟ್ ಬಳಿದಿದ್ದರೆ ಉಗುರಿನಿಂದ ಕೆರೆದು ನೋಡಿ, ಕೆಳಗೆ ವೆಲ್ಡಿಂಗ್ ಉಬ್ಬು ಸಿಗುತ್ತದೆ. ಕ್ಯಾರಿಯರ್ ವೆಲ್ಡಿಂಗ್ ಆಗಿದ್ದರೆ ಸಹಿಸಬಹುದು. ಕತ್ತಿನ ಹತ್ತಿರ ಆಗಿದ್ದರೆ ಚೌಕಾಶಿಯೂ ಬೇಡ, ಎದ್ದು ಬನ್ನಿ. ಗಾಲಿಯ ಕಡ್ಡಿಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ: ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲಾದದ್ದು ಟೊಪ್ ಅನ್ನುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತುಕ್ಕು ಹಿಡಿದಿದೆಯೇ ನೋಡಿ. ತುಕ್ಕಿನ ಪುಡಿ ಕಾರ್ಬ್ಯುರೇಟರಿನ ಜೆಟ್ ಕಟ್ಟುವುದು ಸರಿಯಾಗಿ ಊರಿಂದ ಹತ್ತು ಕಿಲೋಮೀಟರ್ ದೂರದಲ್ಲಿ.

ನೀವು ಯಾವ ನೆಲಕ್ಕೆ ಹೋಗುವವರು ಎಂಬುದರ ಮೇಲೆ ಒಂದು ಅಳತೆ ನಿಂತಿದೆ. ಹಾನಗಲ್, ಕಲಘಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲಕ್ಕೆ ಹೆಚ್ಚೇನೂ ಬೇಡ. ನವಲಗುಂದ, ಅಣ್ಣಿಗೇರಿ, ರೋಣದ ಎರಿ (ಕಪ್ಪು ಮಣ್ಣಿನ) ಭೂಮಿಗೆ ಹೋಗುವವರು ಟೈರು ಮತ್ತು ಮಡ್‌ಗಾರ್ಡ್ ನಡುವೆ ಬೆರಳು ಇಟ್ಟು ನೋಡಬೇಕು. ಎರಡು ಬೆರಳು ಅಡ್ಡ ಹಿಡಿಯದಿದ್ದರೆ ಮಡ್‌ಗಾರ್ಡಿನ ಬೋಲ್ಟುಗಳಿಗೆ ವಾಷರ್ ಕೊಟ್ಟು ಎತ್ತರಿಸಲು ಜಾಗ ಇದೆಯೇ ನೋಡಿ. ಎರಿ ಮಣ್ಣು ಒಂದು ಮಳೆಗೆ ಅಂಟಾಗುತ್ತದೆ, ಜೋಳದ ದಂಟು, ಕಸ ಸೇರಿಸಿಕೊಂಡು ಟೈರಿಗೆ ಪದರಪದರವಾಗಿ ಸುತ್ತುತ್ತದೆ, ಐವತ್ತು ಹೆಜ್ಜೆಯಲ್ಲಿ ಮಡ್‌ಗಾರ್ಡ್ ಒಳಗೆ ಬೆಣೆ ಹೊಡೆದಂತೆ ತುಂಬಿ ಗಾಲಿ ನಿಂತುಬಿಡುತ್ತದೆ. ಆಗ ಆಕ್ಸಿಲರೇಟರ್ ಪೂರ್ತಿ ತಿರುವುವುದೇ ಎಲ್ಲರ ಮೊದಲ ತಪ್ಪು. ಗಾಲಿ ತಿರುಗದೆ ಕ್ಲಚ್ ಡ್ರಮ್ಮಿನೊಳಗೆ ಜಾರಿ ಜಾರಿ ಸುಡುತ್ತದೆ. ಇಳಿಯಿರಿ, ಬಂದ್ ಮಾಡಿ, ಕಟ್ಟಿಗೆ ತುಂಡಿನಿಂದ ಮಣ್ಣು ಕೆತ್ತಿ, ಹುಲ್ಲು ಇರುವ ಬದುವಿನ ಮೇಲೆ ತಳ್ಳಿಕೊಂಡು ಹೋಗಿ. ಮೋಡ ಕವಿದ ದಿನ ಗಾಡಿಯನ್ನು ಡಾಂಬರಿನ ಅಂಚಿನಲ್ಲೇ ಬಿಟ್ಟು ನಡೆಯುವುದು ಜಾಣತನ.

ತುಂಗಭದ್ರೆ, ವರದೆಯ ದಂಡೆಯ ಉಸುಕಿನಲ್ಲಿ ತೊಂದರೆ ಬೇರೆ: ಸಪೂರ ಟೈರು ಚಾಕುವಿನಂತೆ ಕೆಳಕ್ಕೆ ಇಳಿಯುತ್ತದೆ. ಗಾಳಿ ತುಸು ಇಳಿಸಿ, ಇಳಿದು, ಗಾಡಿಯ ಪಕ್ಕ ನಡೆಯುತ್ತ ನಿಧಾನ ಸಾಗಿಸಬೇಕು. ವಾಪಸು ಬರುವಾಗ ಗಾಳಿ ತುಂಬಲು ಸೈಕಲ್ ಪಂಪು ಬೇಕು. ಕೆರೆ ಒಡ್ಡಿನ ತುಂಬ ಬಳ್ಳಾರಿ ಜಾಲಿಯ ಮುಳ್ಳು ಇರುವುದರಿಂದ ಪಂಪಿನ ಜೊತೆ ಒಂದು ಟ್ಯೂಬು, ಎರಡು ಟೈರ್ ಲಿವರು, ಒಂದು ಹೆಚ್ಚಿನ ಪ್ಲಗ್, ಆಕ್ಸಿಲರೇಟರ್ ಕೇಬಲ್ಲು, ಚೈನಿನ ಒಂದು ಲಾಕು ಇಟ್ಟುಕೊಳ್ಳಿ. ಇಷ್ಟು ಸೀಟಿನ ಕೆಳಗೆ ಹಿಡಿಸದಿದ್ದರೆ ಗೋಣಿ ಚೀಲದಲ್ಲಿ ಸುತ್ತಿ ಕಟ್ಟಿ. ಹಳ್ಳ ದಾಟಿದ ಮೇಲೆ ಡ್ರಮ್ ಬ್ರೇಕು ಒಳಗೆ ನೆನೆದು ಹಿಡಿಯುವುದಿಲ್ಲ, ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ.

ಗಾಡಿ ನೀರಿಗೆ ಬಿದ್ದರೆ ಎತ್ತಿದ ಕೂಡಲೇ ಕಿಕ್ ಹೊಡೆಯಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಒಳಗೆ ಕನೆಕ್ಟಿಂಗ್ ರಾಡೇ ಬಾಗೀತು. ಪ್ಲಗ್ ತೆಗೆದು, ಆಮೇಲೆ ಕಿಕ್ ಮಾಡಿದರೆ ನೀರು ತೂತಿನಿಂದ ಚಿಮ್ಮಿ ಹೋಗುತ್ತದೆ. ಕಾರ್ಬ್ಯುರೇಟರ್ ತಳದ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಏರ್ ಫಿಲ್ಟರ್ ಒಣಗಿಸಿ, ಪ್ಲಗ್ ಒರೆಸಿ ಹಾಕಿ. ಎಕ್ಸೆಲ್ 100ರಲ್ಲಿ ಆಯಿಲ್ ಬೆಳ್ಳಗಾಗಿದ್ದರೆ ಬದಲಿಸದೆ ಓಡಿಸಬೇಡಿ.

ಕಾಗದದ ವಿಷಯದಲ್ಲಿ ಎಕ್ಸೆಲ್‌ಗಳ ಚರಿತ್ರೆ ಚೆನ್ನಾಗಿಲ್ಲ. ಮೂರು ಕೈ ಬದಲಾಗಿ, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಇರುವ ಗಾಡಿ ಸಂತೆಗೊಂದು ಸಿಗುತ್ತದೆ. ಮಾರುವವರ ಹೆಸರು, ಆರ್‌ಸಿಯ ಹೆಸರು ಒಂದೇ ಇರಲಿ. ಚಾಸಿ ನಂಬರನ್ನು ಆರ್‌ಸಿ ಪಕ್ಕಕ್ಕೆ ಹಿಡಿದು ಅಂಕಿ ಅಂಕಿ ಓದಿ. ಮಾಲೀಕರ ಹೆಸರು ಬದಲಿಸುವ ಫಾರಂ 29 ಮತ್ತು 30ಕ್ಕೆ ಹಣ ಕೊಡುವಾಗಲೇ ಸಹಿ ಆಗಬೇಕು. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದ್ದನ್ನು ತಿಳಿಸುವ ಫಾರಂ 35 ಮತ್ತು ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಮುಂಗಡ ಸಾಕು.

ಬೆಲೆ ಮಾತಾಡುವ ಮೊದಲು ಬಿಡಿಭಾಗದ ಅಂಗಡಿಯಲ್ಲಿ ಎರಡು ಟೈರು-ಟ್ಯೂಬು, ಚೈನ್ ಸೆಟ್ಟು, ಕ್ಲಚ್ ಶೂ, ಬ್ರೇಕ್ ಶೂಗಳ ದರ ಬರೆದುಕೊಂಡು ಹೋಗಿ. ಸವೆದದ್ದನ್ನು ಬೆರಳಿಟ್ಟು ತೋರಿಸಿ ಆ ಚೀಟಿಯ ಲೆಕ್ಕ ಕಳೆದರೆ ಮಾತು ಬೇಗ ಮುಗಿಯುತ್ತದೆ.

ಮೀನು ಹೇರುವುದು ಕೊನೆಯ ಮಾತು. ಬುಟ್ಟಿಯ ನೀರು ತೊಟ್ಟಿಕ್ಕಿ ಬೀಳುವುದು ಕ್ಯಾರಿಯರ್ ಬೆಸುಗೆ ಮತ್ತು ಸೈಲೆನ್ಸರ್ ಮೇಲೆ, ಎರಡೇ ಮಳೆಗಾಲಕ್ಕೆ ತೂತು ಬೀಳುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಗೋಣಿ ಹಾಸಿ ಇಡಿ, ಮನೆಗೆ ಬಂದ ಮೇಲೆ ಆ ಭಾಗಕ್ಕೆ ಒಂದು ಕೊಡ ಸಿಹಿನೀರು ಸುರಿದು ಕ್ಯಾರಿಯರ್ ಬೆಸುಗೆಗೆ ಮಾತ್ರ ಹಳೇ ಆಯಿಲ್ ಸವರಿ. ಬಿದಿರು ಕೋಲನ್ನು ಗಾಡಿಗೆ ಅಡ್ಡಲಾಗಿ ಕಟ್ಟುವವರು ಎದುರಿನಿಂದ ಬರುವ ಟ್ರ್ಯಾಕ್ಟರ್ ನೆನಪಿಟ್ಟುಕೊಂಡು ಉದ್ದಕ್ಕೆ ಕಟ್ಟಲಿ, ಹಿಂದಿನ ತುದಿಗೊಂದು ಕೆಂಪು ಬಟ್ಟೆ ಇರಲಿ.