ಮದುವೆ ಛತ್ರದಲ್ಲಿ ಮಗು ಕಿರುಚಿ ನೆಲಕ್ಕೆ ಬಿದ್ದಾಗ: ಆಟಿಸಂ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ

ಗಟ್ಟಿಮೇಳ ಶುರುವಾಗುತ್ತಿದ್ದಂತೆ ಮಗು ಕಿವಿ ಮುಚ್ಚಿಕೊಂಡು ಚೀರುತ್ತದೆ, ನೆಲದ ಮೇಲೆ ಹೊರಳಾಡುತ್ತದೆ, ಎತ್ತಿಕೊಳ್ಳಲು ಹೋದ ಅಮ್ಮನ ಕೈ ಕಚ್ಚುತ್ತದೆ. ಹಿಂದಿನ ಸಾಲಿನಿಂದ ಯಾರೋ ಒಬ್ಬರು ‘ಎರಡು ಬಿಟ್ರೆ ಸರಿಹೋಗುತ್ತೆ’ ಅನ್ನುತ್ತಾರೆ. ಇನ್ನೊಬ್ಬರು ದೃಷ್ಟಿ ತೆಗೆಯಲು ಹೇಳುತ್ತಾರೆ. ಇಬ್ಬರಿಗೂ ಉತ್ತರ ಕೊಡಬೇಕಾಗಿಲ್ಲ. ಮೊದಲು ಮಗುವನ್ನು ಆ ಸದ್ದಿನಿಂದ ಆಚೆ ಕರೆದುಕೊಂಡು ಹೋಗಿ.

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಓಲಗ, ಮಿಕ್ಸಿ, ಕುಕ್ಕರ್ ವಿಷಲ್, ಟ್ಯೂಬ್‌ಲೈಟ್ ಮಿಣುಕುವುದು, ಹೊಸ ಬಟ್ಟೆಯ ಜರಿ ಚುಚ್ಚುವುದು ನಮಗಿಂತ ಬಹಳ ಜಾಸ್ತಿ ಹಿಂಸೆ ಕೊಡುತ್ತವೆ. ತಡೆದು ತಡೆದು ಒಂದು ಹಂತದಲ್ಲಿ ಕೈಮೀರುತ್ತದೆ. ಇದನ್ನೇ ಥೆರಪಿಸ್ಟ್‌ಗಳು ಮೆಲ್ಟ್‌ಡೌನ್ ಅನ್ನುವುದು. ಹಠ ಬೇರೆ. ಹಠ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್ ಆದ ಮಗುವಿಗೆ ಚಾಕ್ಲೇಟ್ ಕೊಟ್ಟರೂ, ಫೋನ್ ಕೊಟ್ಟರೂ ನಿಲ್ಲುವುದಿಲ್ಲ. ಕೆಲವು ಸಲ ಹಠವಾಗಿ ಶುರುವಾಗಿದ್ದು ಮೆಲ್ಟ್‌ಡೌನ್ ಆಗಿ ಮುಗಿಯುತ್ತದೆ, ಹಾಗಾಗಿ ಗೆರೆ ಎಳೆದಂತೆ ಹೇಳುವುದು ಕಷ್ಟ. ಅನುಮಾನ ಬಂದರೆ ಮೆಲ್ಟ್‌ಡೌನ್ ಅಂತಲೇ ತಿಳಿಯಿರಿ.

ಆ ಹೊತ್ತಿನಲ್ಲಿ ಮಾತು ಕಡಿಮೆ ಮಾಡಿ. ‘ಬಾ, ಆಚೆ ಹೋಗೋಣ’, ‘ಅಮ್ಮ ಇಲ್ಲೇ ಇದ್ದಾಳೆ’, ಇಷ್ಟು ಸಾಕು. ಬುದ್ಧಿ ಹೇಳಬೇಡಿ, ಯಾಕೆ ಹೀಗೆ ಮಾಡಿದೆ ಅಂತ ಕೇಳಬೇಡಿ, ಏಕೆಂದರೆ ಆಗ ಏನೂ ತಲೆಗೆ ಹೋಗುವುದಿಲ್ಲ. ಕೆಲವು ಮಕ್ಕಳಿಗೆ ಗಟ್ಟಿಯಾಗಿ ಅಪ್ಪಿಕೊಂಡರೆ ಹಿತ, ಇನ್ನು ಕೆಲವರಿಗೆ ಮುಟ್ಟಿದರೇ ಇನ್ನಷ್ಟು ಕೆರಳುತ್ತದೆ. ನಿಮ್ಮ ಮಗು ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ತಲೆ ಚಚ್ಚಿಕೊಳ್ಳುತ್ತಿದ್ದರೆ ಮಡಚಿದ ಟವೆಲ್ಲೋ ದಿಂಬೋ ನಡುವೆ ಇಡಿ. ಸುತ್ತ ನಿಂತವರನ್ನು ಕಳಿಸಿಬಿಡಿ. ಮುಗಿದ ಮೇಲೆ ಮಗುವಿಗೆ ತುಂಬಾ ಸುಸ್ತಾಗಿರುತ್ತದೆ, ನೀರು ಕೊಟ್ಟು ಸುಮ್ನೆ ಬಿಡಿ.

ಆದರೆ ನಿಜವಾದ ಕೆಲಸ ಇರುವುದು ಅದಕ್ಕೂ ಮೊದಲು.

ಒಂದು ನೋಟ್‌ಬುಕ್ ಇಡಿ. ಪ್ರತಿ ಸಲವೂ ಮೂರು ಸಂಗತಿ ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಎರಡು ಮೂರು ವಾರ ಬರೆದರೆ ಸಾಮಾನ್ಯವಾಗಿ ಏನೋ ಒಂದು ಕಣ್ಣಿಗೆ ಬೀಳುತ್ತದೆ. ಹಸಿವಾದಾಗ, ಸ್ಕೂಲ್ ವ್ಯಾನ್ ತಡವಾದಾಗ, ಮನೆಗೆ ನೆಂಟರು ಬಂದು ಮಲಗುವ ಹೊತ್ತು ಬದಲಾದಾಗ, ಹೀಗೆ. ಹಿಂದೆ ಇಲ್ಲದ್ದು ಇದ್ದಕ್ಕಿದ್ದಂತೆ ಶುರುವಾದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಹಲ್ಲುನೋವು, ಕಿವಿನೋವು, ಮಲಬದ್ಧತೆ ಯಾವುದನ್ನೂ ಮಾತು ಬಾರದ ಮಗು ಹೇಳಲಾರದು. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಕೂಡ ಉಳಿದವರಿಗಿಂತ ಜಾಸ್ತಿ, ಹಾಗಾಗಿ ಮಗು ಆಗಾಗ ಶೂನ್ಯ ನೋಡುತ್ತಾ ನಿಂತು, ಕರೆದರೂ ತಿರುಗದಿದ್ದರೆ ಅದನ್ನೂ ಹೇಳಿ.

ಇನ್ನೊಂದು, ಮಗುವಿಗೆ ‘ಸಾಕು’ ಅನ್ನಲು ಒಂದು ದಾರಿ ಬೇಕು. ಮಾತು ಬಾರದಿದ್ದರೆ ಒಂದು ಚಿತ್ರದ ಕಾರ್ಡ್, ಇಲ್ಲವೇ ಕೈಸನ್ನೆ. ಶಾಂತವಾಗಿರುವಾಗ ಆಟದ ಹಾಗೆ ಕಲಿಸಿ, ತೋರಿಸಿದ ತಕ್ಷಣ ಆಚೆ ಕರೆದುಕೊಂಡು ಹೋಗಿ. ಕಾರ್ಡ್ ಅಭ್ಯಾಸವಾದರೆ ಮಾತೇ ಬರುವುದಿಲ್ಲ ಅನ್ನುವ ಭಯ ಬೇಡ, ಅದಕ್ಕೆ ಆಧಾರವಿಲ್ಲ. ಹಾಗೆಯೇ, ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಭಾಷೆ ಕಿವಿಗೆ ಬಿದ್ದರೆ ಮಗುವಿಗೇನೂ ನಷ್ಟವಿಲ್ಲ. ಅಜ್ಜಿಯ ಜೊತೆ ಮಗು ಯಾವ ಭಾಷೆಯಲ್ಲಿ ಮಾತಾಡಬೇಕು ಹೇಳಿ!

ಮದುವೆಗೆ ಹೋಗಲೇಬೇಕಾ? ಹಿಂದಿನ ದಿನವೇ ಛತ್ರದ, ನೆಂಟರ ಫೋಟೋ ತೋರಿಸಿ. ಜನ ಸೇರುವ ಮುಂಚೆ ಹೋಗಿ ಒಂದು ರೂಮ್ ಕೇಳಿ ಇಟ್ಟುಕೊಳ್ಳಿ. ಮುಹೂರ್ತ ಹೇಗೂ ಪತ್ರಿಕೆಯಲ್ಲಿ ಇರುತ್ತದೆ, ತಾಳಿ ಕಟ್ಟುವ ಹೊತ್ತಿಗೆ ಒಬ್ಬರು ಮಗುವಿನ ಜೊತೆ ಆಚೆ ಇರಿ. ಹಳೆಯ ಮೆತ್ತನೆ ಬಟ್ಟೆ, ಡಬ್ಬಿಯಲ್ಲಿ ಮೊಸರನ್ನ, ಕಿವಿಗೆ ಇಯರ್‌ಮಫ್. ‘ಮೊದಲು ಊಟ, ಆಮೇಲೆ ಉಯ್ಯಾಲೆ’ ಅಂತ ಚಿತ್ರ ತೋರಿಸಿ ಹೇಳಿ, ಹೇಳಿದ ಮೇಲೆ ಉಯ್ಯಾಲೆ ತಪ್ಪಿಸಬೇಡಿ.

ಹಠದ ವಿಷಯಕ್ಕೆ ಬಂದರೆ, ಕಿರುಚಿದರೆ ಫೋನ್ ಇಲ್ಲ ಅಂತ ತೀರ್ಮಾನಿಸಿದ ಮೇಲೆ ಮೊದಲ ಕೆಲವು ದಿನ ಕಿರುಚಾಟ ಇಳಿಯುವ ಬದಲು ಏರಬಹುದು. ಮಧ್ಯದಲ್ಲಿ ಸೋತು ಕೊಟ್ಟರೆ, ಇನ್ನೂ ಸ್ವಲ್ಪ ಹೊತ್ತು ಕಿರುಚಿದರೆ ಸಿಗುತ್ತದೆ ಅಂತ ಮಗು ಕಲಿಯುತ್ತದೆ. ಅಪ್ಪ ಇಲ್ಲ ಅಂದಿದ್ದನ್ನು ತಾತ ಹಿಂದಿನಿಂದ ಕೊಟ್ಟರೂ ಅಷ್ಟೇ. ಹಾಗಾಗಿ ಮನೆಯವರೆಲ್ಲ ಮೊದಲೇ ಕೂತು ಮಾತಾಡಿಕೊಳ್ಳಿ. ಮಗು ಕಿರುಚದೆ ಕೇಳಿದ ದಿನ ತಕ್ಷಣ ಕೊಟ್ಟು ಹೊಗಳಿ, ಇದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ.

ಸಹಾಯಕ್ಕೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಹಾಗಾಗಿ ಯುಡಿಐಡಿ ಕಾರ್ಡಿಗೆ, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿಗೆ, ಅರ್ಜಿ ಹಾಕಿ. ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. ಆಟಿಸಂ ಪೂರ್ತಿ ವಾಸಿ ಮಾಡುತ್ತೇವೆ ಅಂತ ದುಡ್ಡು ಕೇಳುವವರಿಂದ ದೂರ ಇರಿ. ನಿಮಗೇ ತಡೆಯಲಾರದಷ್ಟು ಆದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಶಾಲೆ ಶುರುವಾಗುವ ವಾರ ಟೀಚರ್‌ಗೆ ಒಂದೇ ಹಾಳೆ ಬರೆದುಕೊಡಿ: ಮಗು ಯಾವುದಕ್ಕೆ ಕೆರಳುತ್ತದೆ, ಕೆರಳುವ ಮುಂಚೆ ಏನು ಮಾಡುತ್ತದೆ, ಯಾವುದರಿಂದ ಸಮಾಧಾನವಾಗುತ್ತದೆ, ಏನು ಮಾಡಲೇಬಾರದು. ಹಾಳೆಯ ಇನ್ನೊಂದು ಪ್ರತಿ ಆಯಾ ಹತ್ತಿರ, ಮತ್ತೊಂದು ವ್ಯಾನ್ ಡ್ರೈವರ್ ಹತ್ತಿರ ಇರಲಿ.