ಜೇಬಲ್ಲಿ ಮಲ್ಟಿಟೂಲ್ ದಿನಾ ಬೇಕಾ?

ಮಲ್ಟಿಟೂಲ್ ಅಂದ್ರೆ ಚಾಕು, ಕತ್ತರಿ, ಇಕ್ಕಳ ಥರದ ಹಲವು ಉಪಕರಣ ಒಂದರಲ್ಲೇ ಮಡಚಿಡೋ ಸಾಧನ. ಮಂಡ್ಯ ಕಡೆ ಗದ್ದೆಗೆ ಓಡಾಡೋರಿಗೆ ಬೇಕು. ಮೈಸೂರಲ್ಲಿ ಆಫೀಸು-ಮನೆ ಅಂತ ಇರೋರಿಗೆ ಇಕ್ಕಳ ಇರೋ ದೊಡ್ಡದು ದಂಡ. ಅದರ ತೂಕ ಸುಮಾರು 240 ಗ್ರಾಂ, ತಿಂಗಳೊಳಗೆ ಪ್ಯಾಂಟಿನ ಜೇಬು ಹರಿಯುತ್ತೆ. ಕೀ ಗೊಂಚಲಿಗೆ ಹಾಕೋ 58 ಮಿ.ಮೀ. ವಿಕ್ಟೋರಿನಾಕ್ಸ್ ಕಂಪನಿಯ ಪುಟ್ಟ ಚಾಕು ಬರೀ 21 ಗ್ರಾಂ. ಪಾರ್ಸೆಲ್ ಬಿಚ್ಚೋಕೆ, ದಾರ ಕತ್ತರಿಸೋಕೆ ಅಷ್ಟು ಸಾಕು.

ಇಕ್ಕಳದಲ್ಲಿ ಬೈಕಿನ 10 ಮಿ.ಮೀ. ನಟ್ ಬಿಚ್ಚಬೇಡಿ. ಅದರ ದವಡೆ ಸಮಾನಾಂತರವಾಗಿ ಕೂರಲ್ಲ, ನಟ್‌ನ ಮೂಲೆ ಮಾತ್ರ ಕಚ್ಚುತ್ತೆ. ಎರಡು ಸಲ ಜಾರಿದರೆ ನಟ್ ದುಂಡಗಾಗಿ ಆಮೇಲೆ ಸ್ಪ್ಯಾನರ್‌ಗೂ ಸಿಗಲ್ಲ. 10-12ರ ಸ್ಪ್ಯಾನರ್ ಒಂದನ್ನ ಡಿಕ್ಕಿಯಲ್ಲಿಡಿ.

ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಗಂತೂ ತಾಗಿಸಲೇಬೇಡಿ. ತ್ರೀ ಫೇಸ್, 415 ವೋಲ್ಟ್. ಮಲ್ಟಿಟೂಲ್ ಇಕ್ಕಳದ ಹಿಡಿ ಪೂರ್ತಿ ಲೋಹ, ಇನ್ಸುಲೇಷನ್ ಇಲ್ಲ.

ಕಬ್ಬು ಸೀಳಿದ ಮೇಲೆ ಹಾಗೇ ಮಡಚಿಟ್ಟರೆ ಹಾಲು ಕೀಲಿನೊಳಗೆ ಒಣಗಿ ಅಂಟಾಗುತ್ತೆ, ಮಾರನೇ ದಿನ ಉಗುರು ಮುರಿದರೂ ಬ್ಲೇಡ್ ತೆರೆಯಲ್ಲ. ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ, ಕೀಲಿಗೆ ಒಂದೇ ತೊಟ್ಟು ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತೆ.

ಕೊಳ್ಳುವಾಗ ಬ್ಲೇಡ್ ತೆರೆದು ಬೆನ್ನಿನ ಕಡೆಯಿಂದ ಮೆಲ್ಲಗೆ ಒತ್ತಿ ನೋಡಿ. ಲಾಕ್ ಇದೆ ಅಂತ ಮಾರಿದ್ದು ಮಡಚಿಕೊಂಡರೆ ಅಲ್ಲೇ ಬಿಟ್ಟು ಬನ್ನಿ, ಬೆರಳು ಹೋಗುತ್ತೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ವಿಮಾನ ಹತ್ತೋದಿದ್ದರೆ ಚೆಕ್-ಇನ್ ಬ್ಯಾಗಿಗೇ ಹಾಕಿ. ಕೈಚೀಲದಲ್ಲಿ ಸಿಕ್ಕರೆ ತೆಗೆಸಿಬಿಡ್ತಾರೆ.