ಪೇಟಿ ಕೊಳ್ಳಲು ಬಂದವರಿಗೆ ಮೊದಲು ಹಾಡಲು ಹೇಳುತ್ತೇನೆ

ಹುಬ್ಬಳ್ಳಿಯ ಸಂಗೀತ ವಾದ್ಯಗಳ ಅಂಗಡಿಯೊಂದರಲ್ಲಿ ನಾನು ಮಾರಾಟದ ಕೆಲಸ ಮಾಡುತ್ತೇನೆ. ಒಂದು ಗೋಡೆಗೆ ತಂಬೂರಿ, ತಬಲಾ, ಕೊಳಲು ಮತ್ತು ಪೇಟಿ (ನಮ್ಮ ಕಡೆ ಹಾರ್ಮೋನಿಯಂಗೆ ಇದೇ ಹೆಸರು), ಎದುರಿನ ಗೋಡೆಗೆ ಗಿಟಾರ್, ಪಿಟೀಲು, ಕೀಬೋರ್ಡ್. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಬಂದವರನ್ನು ಮೊದಲು ಕೇಳುವ ಪ್ರಶ್ನೆ, "ಎಷ್ಟರೊಳಗೆ ಬೇಕು ಸರ್?" ಎಂಬುದು. ಈ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. ಹಾಡುವವರು ಯಾರು, ಯಾವ ಶ್ರುತಿಯಲ್ಲಿ ಹಾಡುತ್ತಾರೆ, ಎಲ್ಲಿ ಕೂತು ಹಾಡುತ್ತಾರೆ ಎಂಬ ಮೂರು ಸಂಗತಿ ತಿಳಿಯದೆ ಗೋಡೆಯ ಮೇಲಿನ ಯಾವ ವಾದ್ಯವನ್ನೂ ಕೆಳಗಿಳಿಸುವುದಿಲ್ಲ.

ಶ್ರುತಿ ಗೊತ್ತಿಲ್ಲ ಎನ್ನುವವರೇ ಹೆಚ್ಚು. ಅಂಥವರಿಗೆ, ನಿಮಗೆ ಬರುವ ಯಾವುದಾದರೂ ವಚನವನ್ನೋ ದಾಸರ ಪದವನ್ನೋ ಎರಡು ಸಾಲು ಹಾಡಿ ಎನ್ನುತ್ತೇನೆ. ನಾಚಿಕೊಳ್ಳುತ್ತಾರೆ, ಸುತ್ತ ನೋಡುತ್ತಾರೆ, ಆಮೇಲೆ ಹಾಡುತ್ತಾರೆ. ಅವರ ಷಡ್ಜ (ಆಧಾರ ಸ್ವರವಾದ 'ಸ') ಎಲ್ಲಿ ನಿಲ್ಲುತ್ತದೆ ಎಂದು ಪೇಟಿಯ ಮೇಲೆ ಹುಡುಕಿ, ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಗಂಡಸರಾದರೆ ಬಹುಮಟ್ಟಿಗೆ ಕರಿ ಒಂದರ (ಪೇಟಿಯ ಸಪ್ತಕದ ಮೊದಲ ಕಪ್ಪು ಪಟ್ಟಿ) ಆಸುಪಾಸು, ಹೆಂಗಸರಾದರೆ ಕರಿ ನಾಲ್ಕು ಅಥವಾ ಐದು. ಆದರೆ ಈ ಲೆಕ್ಕವನ್ನೇ ನಂಬಿ ಸರಕು ಕಟ್ಟುವುದು ತಪ್ಪು. ಗಂಗೂಬಾಯಿ ಹಾನಗಲ್ ಅವರು ಬಾಳಿ ಬದುಕಿದ ಊರು ನಮ್ಮದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಷ್ಟು ಗಡುಸಾಯಿತು. ಆ ದನಿಯಲ್ಲೇ ಅವರು ಹಿಂದೂಸ್ತಾನಿ ಸಂಗೀತದ ಪರಂಪರೆಗಳಲ್ಲೊಂದಾದ ಕಿರಾನಾ ಘರಾಣೆಯ ಗಾಯನವನ್ನು ಎತ್ತರಕ್ಕೆ ಒಯ್ದರು. ಅವರ ಊರಿನ ಅಂಗಡಿಯಲ್ಲಿ ನಿಂತು, ಹೆಣ್ಣುಮಗಳು ಬಂದ ತಕ್ಷಣ ಕಿವಿಗೊಡದೆ ಸಣ್ಣ ತಂಬೂರಿಯನ್ನು ಮುಂದಿಡುವುದು ನನಗೆ ಒಪ್ಪಿಗೆಯಿಲ್ಲ.

ತಬಲಾಕ್ಕೆ ಈ ಚೀಟಿ ಇನ್ನೂ ಮುಖ್ಯ. ಪೇಟಿಯಲ್ಲಿ ಎಲ್ಲ ಸ್ವರಗಳೂ ಇರುತ್ತವೆ. ತಬಲಾವನ್ನು ಒಂದು ಸ್ವರದ ಆಚೀಚೆ ಸ್ವಲ್ಪವೇ ಸರಿಸಬಹುದು. ಐದೂವರೆ ಇಂಚಿನ ಮುಖವಿದ್ದರೆ ಸಾಮಾನ್ಯವಾಗಿ ಕರಿ ಒಂದಕ್ಕೆ ಕೂಡುತ್ತದೆ. ಮುಖ ಕಿರಿದಾದಷ್ಟೂ ಶ್ರುತಿ ಏರುತ್ತದೆ. ಕರಿ ಒಂದರ ತಬಲಾವನ್ನು ಬಲವಂತದಿಂದ ಮೇಲಕ್ಕೆ ಎಳೆದರೆ ವಾದಿ (ಎಳೆದು ಕಟ್ಟುವ ಚರ್ಮದ ಪಟ್ಟಿ) ಬಿಗಿದು, ಪುಡಿ (ಮುಖಕ್ಕೆ ಹೊದಿಸಿದ ಚರ್ಮ) ಹರಿಯುತ್ತದೆ. ಮಗಳ ಹಾಡಿಗೆ ತಬಲಾ ಒಯ್ಯುವವರು ತಮ್ಮ ದನಿಗೆ ಹೊಂದುವುದನ್ನು ಆರಿಸಿಕೊಂಡು ಹೋಗದಂತೆ ನೋಡಿಕೊಳ್ಳುವುದು ಮಾರುವವನ ಜವಾಬ್ದಾರಿ.

ಪೇಟಿಯನ್ನು ತೋರಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ. ಮೊದಲು ಗಾಳಿಯ ದಾರಿ ತೆರೆದು ಮುಚ್ಚುವ ಎಲ್ಲ ಸ್ಟಾಪರ್‌ಗಳನ್ನು ಮುಚ್ಚಿ, ತಿದಿಯನ್ನು ತುಂಬ ಒತ್ತಿ ಬಿಡುತ್ತೇನೆ. ಗಾಳಿ ಒಳಗೇ ನಿಲ್ಲಬೇಕು. ಯಾವ ಮನೆಯನ್ನೂ (ಬೆರಳಿನಿಂದ ಒತ್ತುವ ಪಟ್ಟಿ) ಒತ್ತದೆ ತಿದಿ ಬೇಗ ಇಳಿದುಹೋದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಆಮೇಲೆ ಬಹಳ ಕಡಿಮೆ ಗಾಳಿ ಕೊಟ್ಟು ಒಂದೊಂದೇ ಮನೆ ಒತ್ತುತ್ತೇನೆ. ಜೋರಾಗಿ ಗಾಳಿ ಹಾಕಿದರೆ ಎಂಥ ರೀಡೂ (ಗಾಳಿಗೆ ಕಂಪಿಸಿ ದನಿ ಕೊಡುವ ಲೋಹದ ನಾಲಿಗೆ) ನುಡಿಯುತ್ತದೆ. ಮೆಲ್ಲಗೆ ಹಾಕಿದಾಗ ತಡವಾಗಿ ಏಳುವ ರೀಡು ಸಿಕ್ಕಿಬೀಳುತ್ತದೆ. ಖರ್ಜದ (ತಗ್ಗು ದನಿಯ) ರೀಡುಗಳ ಸಾಲು ಮತ್ತು ಅದರ ಮೇಲಿನ ಸಾಲು ಒಟ್ಟಿಗೆ ನುಡಿದಾಗ ದನಿ ಅಲುಗಬಾರದು. ಕೊನೆಗೆ ಮೇಲಿನ ಹಲಗೆ ಬಿಚ್ಚಿ ಒಳಗನ್ನು ತೋರಿಸುತ್ತೇನೆ. ಗುಜರಾತಿನ ಪಾಲಿತಾಣದಿಂದ ಬರುವ ಹಿತ್ತಾಳೆಯ ರೀಡುಗಳಿಗೆ ಒಳ್ಳೆಯ ಹೆಸರಿದೆ. ಒಳಗಿನ ಕೆಲಸ ಹೇಗಿದೆ ಎಂದು ಕಣ್ಣಾರೆ ಕಂಡವರು ಹೊರಗಿನ ಹೊಳಪಿಗೆ ಮರುಳಾಗುವುದಿಲ್ಲ.

ಈ ಕ್ರಮದ ಅರ್ಧ ಭಾಗವನ್ನು ನನಗೆ ಕಲಿಸಿದವರು ಗಿರಾಕಿಗಳೇ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಗಾಯಕರೊಬ್ಬರು ಒಮ್ಮೆ ಬಂದಿದ್ದರು. ನಾನು ಮೂರು ಪೇಟಿಗಳನ್ನು ಸಾಲಾಗಿ ಇಟ್ಟೆ. ಅವರು ಯಾವುದನ್ನೂ ನುಡಿಸಲಿಲ್ಲ. ಮೊದಲು ತಿದಿಯ ಮಡಿಕೆಗಳ ಉದ್ದಕ್ಕೂ ಬೆರಳಾಡಿಸಿದರು, ಆಮೇಲೆ ಪೆಟ್ಟಿಗೆಯ ಮೂಲೆಗಳ ಹತ್ತಿರ ಕೆನ್ನೆ ತಂದು ತಿದಿ ಒತ್ತಿದರು. ನನ್ನ ಕಿವಿಗೆ ಕೇಳದಷ್ಟು ಸಣ್ಣ ಗಾಳಿ ಅವರ ಕೆನ್ನೆಗೆ ತಾಗಿತು. "ಈ ಮೂಲೆಯ ಚರ್ಮ ಸರಿಯಾಗಿ ಅಂಟಿಲ್ಲ ನೋಡಿ ಅಣ್ಣಾ" ಎಂದರು. ಅಂಟಿರಲಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತವನ್ನೇ ಬದುಕಿನ ದಾರಿಯಾಗಿ ಕೊಟ್ಟ ಆಶ್ರಮ ಅದು. ಅಲ್ಲಿಂದ ಬಂದವರ ಮುಂದೆ ನಿಂತಾಗ ವಾದ್ಯದ ಬಗ್ಗೆ ಬಾಯಿಗೆ ಬಂದದ್ದನ್ನು ಹೇಳಿ ಮಾರುವುದು ಸಾಧ್ಯವೇ ಇಲ್ಲ. ಆ ದಿನದಿಂದ ನಾನೂ ಹೊಸ ಪೇಟಿಗಳ ಮೂಲೆಗೆ ಕೆನ್ನೆ ಹಿಡಿದು ನೋಡುತ್ತೇನೆ.

ನನಗೆ ಅತ್ಯಂತ ಪ್ರೀತಿಯ ಗಿರಾಕಿಗಳು ಭಜನಾ ಮಂಡಳಿಯವರು. ಶ್ರಾವಣಕ್ಕೆ ಮುಂಚೆ ನವಲಗುಂದ, ಕುಂದಗೋಳ, ಕಲಘಟಗಿಯ ಹಳ್ಳಿಗಳಿಂದ ಐದಾರು ಜನ ಒಟ್ಟಿಗೆ ಬರುತ್ತಾರೆ. ಊರವರಿಂದ ಕೂಡಿಸಿದ ಪಟ್ಟಿ ಹಣ ಒಬ್ಬ ಹಿರಿಯರ ಕಿಸೆಯಲ್ಲಿರುತ್ತದೆ. ಪೇಟಿ ಮಾಸ್ತರರು ನುಡಿಸಿ ನೋಡುತ್ತಾರೆ, ಉಳಿದವರು ತಾಳ ಎತ್ತಿಕೊಂಡು ಅಲ್ಲೇ ಒಂದು ಪದ ಹಾಡುತ್ತಾರೆ. ಇವರಿಗೆ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿಯನ್ನು ನಾನು ತೋರಿಸುವುದಿಲ್ಲ. ಅದರ ಬೆಲೆ ಹೆಚ್ಚು, ಅಂಗಡಿಗೆ ಲಾಭವೂ ಹೆಚ್ಚು. ಆದರೆ ಒಳಗೆ ಸರಿಯುವ ಭಾಗಗಳಿರುವುದರಿಂದ ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಮಾಡುವವರಿಲ್ಲ. ಗುಡಿಯಲ್ಲಿ ಮೈಕಿಲ್ಲದೆ ಇಪ್ಪತ್ತು ದನಿಗಳ ನಡುವೆ ಕೇಳಿಸಬೇಕು, ಟ್ರ್ಯಾಕ್ಟರಿನಲ್ಲಿ ಪಕ್ಕದ ಊರಿಗೆ ಹೋಗಿ ಬರಬೇಕು, ಇಲಿ ಕಚ್ಚದಂತೆ ಪೆಟ್ಟಿಗೆ ಭದ್ರವಾಗಿರಬೇಕು. ಸಾಗುವಾನಿಯ, ಎರಡು ಸಾಲು ರೀಡಿನ, ಸರಳವಾದ ಪೇಟಿಯೇ ಅವರಿಗೆ ಸರಿ. ಇಂಥ ಮಾರಾಟದಿಂದ ತಿಂಗಳ ಗುರಿ ತಲುಪುವುದು ನಿಧಾನವಾಗುತ್ತದೆ. ಆದರೆ ಆ ಮಂಡಳಿಯ ಮಾತು ಕೇಳಿ ಪಕ್ಕದ ಊರಿನ ಮಂಡಳಿಯೂ ನಮ್ಮಲ್ಲಿಗೇ ಬರುತ್ತದೆ.

ತಂಬೂರಿಗಳು ನಮಗೆ ಮಿರಜಿನಿಂದ ಬರುತ್ತವೆ. ಮಹಾರಾಷ್ಟ್ರವಾದರೂ ಅದು ನಮಗೆ ದೂರದ ಊರಲ್ಲ, ಬೆಳಗಾವಿ ದಾಟಿದರೆ ಬಂತು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ವಾದ್ಯ ಮಾಡುವ ಕೆಲಸ ಹಿಡಿದರು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಗಂಗೂಬಾಯಿಯವರಿಗೆ ಕಲಿಸಿದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನ್ ಅವರು ನೆಲೆಸಿದ್ದೂ ಮಿರಜಿನಲ್ಲೇ. ಅಲ್ಲಿನ ವಾದ್ಯಕ್ಕೂ ಧಾರವಾಡದ ಗಾಯನಕ್ಕೂ ನಂಟು ಇಂದಿನದಲ್ಲ. ಪಂಢರಪುರದ ಸುತ್ತಲಿನ ಹೊಲಗಳಲ್ಲಿ ಬೆಳೆದ ಕಹಿ ಸೋರೆಯನ್ನು ಒಣಗಿಸಿ ಬುರುಡೆ ಮಾಡುತ್ತಾರೆ. ಒಂದು ಸೋರೆ ಇನ್ನೊಂದರಂತೆ ಇರುವುದಿಲ್ಲ, ಹೀಗಾಗಿ ಎರಡು ತಂಬೂರಿಗಳು ಒಂದೇ ದನಿ ಕೊಡುವುದು ಅಪರೂಪ. ಕೊಳ್ಳುವವರಿಗೆ ನಾನು ಜವಾರಿಯ (ಝೇಂಕಾರ ಬರಿಸುವ) ದಾರವನ್ನು ತಂತಿಯ ಕೆಳಗೆ ಕೂದಲೆಳೆಯಷ್ಟು ಸರಿಸಿ ತೋರಿಸುತ್ತೇನೆ. ಮಂಕಾಗಿದ್ದ ತಂತಿ ಒಮ್ಮೆಲೇ ಬಿಚ್ಚಿಕೊಂಡು ಝೇಂಕರಿಸುತ್ತದೆ. ಅದನ್ನು ಮೊದಲ ಸಲ ಕೇಳಿದವರ ಮುಖ ನೋಡುವುದು ಈ ಕೆಲಸದಲ್ಲಿ ನನಗೆ ದೊಡ್ಡ ಸಂತೋಷ.

ಆದರೂ ತಂಬೂರಿಯ ವ್ಯಾಪಾರ ಬಹಳ ಕಡಿಮೆ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದ ಮೇಲೆ ಪ್ರಯಾಣ ಮಾಡುವ ಕಲಾವಿದರಿಗೆ ದೊಡ್ಡ ಅನುಕೂಲವಾಯಿತು. ಈಗ ಆ ಪೆಟ್ಟಿಗೆಯನ್ನೂ ಕೇಳುವವರು ಕಡಿಮೆ, ಮೊಬೈಲಿನಲ್ಲೇ ಶ್ರುತಿ ಸಿಗುತ್ತದೆ. ಕಲಿಯುವ ಮಕ್ಕಳಿಗೆ ಮೊಬೈಲ್ ಸಾಕು ಎಂದು ನಾನೇ ಹೇಳುತ್ತೇನೆ. ನಾಲ್ಕಾರು ವರ್ಷ ಕಲಿತು ಬಂದವರಿಗೆ ಮಾತ್ರ, ಒಮ್ಮೆ ತಂತಿ ಮೀಟಿ ಕೂತು ಹಾಡಿ ನೋಡಿ ಎನ್ನುತ್ತೇನೆ.

ಎದುರು ಗೋಡೆಯ ವ್ಯಾಪಾರವೇ ಅಂಗಡಿಯ ಬಾಡಿಗೆ ಕಟ್ಟುವುದು. ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ಕೈ ಹಿಡಿದು ಬರುತ್ತಾರೆ. ಪಿಟೀಲಾದರೆ ಮಗುವಿನ ಕೈಯನ್ನು ಉದ್ದಕ್ಕೆ ಚಾಚಿಸಿ, ವಾದ್ಯದ ತುದಿಯ ಸುರುಳಿ ಅಂಗೈಯಲ್ಲಿ ಕೂಡುತ್ತದೆಯೇ ಎಂದು ನೋಡಬೇಕು. "ಮುಂದಿನ ವರ್ಷಕ್ಕೂ ಆಗುತ್ತದೆ, ದೊಡ್ಡದೇ ಕೊಡಿ" ಎನ್ನುವ ತಂದೆಯನ್ನು ಒಪ್ಪಿಸುವುದು ಸುಲಭವಲ್ಲ. ದೊಡ್ಡ ಪಿಟೀಲು ಹಿಡಿದ ಮಗು ಹೆಗಲು ಎತ್ತಿ, ಮಣಿಕಟ್ಟು ಸೊಟ್ಟ ಮಾಡಿ, ಬೇಗ ಬೇಸರಪಟ್ಟು ಕಲಿಕೆಯನ್ನೇ ಬಿಡುತ್ತದೆ. ಕೀಬೋರ್ಡಿನಲ್ಲಿ ಕಿರುಮನೆಗಳಿರುವ ಆಟಿಕೆಗಿಂತ, ಪೂರ್ಣ ಅಳತೆಯ ಅರವತ್ತೊಂದು ಮನೆಗಳಿರುವ ಹಳೆಯ ಮಾದರಿಯೇ ಒಳ್ಳೆಯದು. ಗಿಟಾರಿಗೆ ಬಂದ ಚಿಕ್ಕ ಮಕ್ಕಳಿಗೆ ನೈಲಾನ್ ತಂತಿ. ಉಕ್ಕಿನ ತಂತಿ ಎಳೆಯ ಬೆರಳನ್ನು ಕೊಯ್ಯುತ್ತದೆ.

ಈ ವ್ಯಾಪಾರದಲ್ಲಿ ನನ್ನ ಮನಸ್ಸಿಗೆ ಒಗ್ಗದ ಪದ್ಧತಿ ಒಂದಿದೆ. ಶಿಷ್ಯರನ್ನು ಕಳಿಸಿದ್ದಕ್ಕೆ ಕೆಲವು ಶಿಕ್ಷಕರು ಅಂಗಡಿಯಿಂದ ಪಾಲು ಬಯಸುತ್ತಾರೆ. ಆ ಪಾಲು ಕೊನೆಗೆ ಬೀಳುವುದು ಶಿಷ್ಯರ ಮನೆಯವರ ತಲೆಯ ಮೇಲೆ. ಎಲ್ಲರೂ ಹಾಗಲ್ಲ, ತಾವೇ ಬಂದು ವಾದ್ಯ ಆರಿಸಿಕೊಟ್ಟು, ಅವರಿಗೆ ಸ್ವಲ್ಪ ಕಡಿಮೆ ಮಾಡಿ ಎಂದು ಶಿಷ್ಯರ ಪರವಾಗಿ ವಾದಿಸಿ, ಚಹಾವನ್ನೂ ಕುಡಿಯದೆ ಹೋಗುವ ಗುರುಗಳನ್ನು ನೋಡಿದ್ದೇನೆ. ಅಂಥವರು ಬಂದಾಗ ಎದ್ದು ನಿಲ್ಲುತ್ತೇನೆ.

ಉಳಿದಂತೆ ಇದು ಮೈದಣಿಸುವ ಕೆಲಸ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ದೂಳು ಒರೆಸುವುದು. ಸಂಜೆಯವರೆಗೆ ನಿಂತೇ ಇರುವುದು. ಶನಿವಾರ, ಭಾನುವಾರ ರಜೆಯಿಲ್ಲ. ಮೂರು ಕೀಬೋರ್ಡು, ಎರಡು ಡೋಲು ಒಟ್ಟಿಗೆ ಮೊಳಗುತ್ತಿರುವಾಗ ಪಕ್ಕದಲ್ಲಿ ತಂಬೂರಿ ಶ್ರುತಿ ಮಾಡಬೇಕು. ಮಳೆಗಾಲದಲ್ಲಿ ತಬಲಾದ ಚರ್ಮ ತೇವಕ್ಕೆ ಸಡಿಲಾಗುತ್ತದೆ, ಪೇಟಿಯ ಮನೆಗಳು ಉಬ್ಬಿ ಸಿಕ್ಕಿಕೊಳ್ಳುತ್ತವೆ. ಆ ತಿಂಗಳುಗಳಲ್ಲಿ ಮಾರಾಟಕ್ಕಿಂತ ರಿಪೇರಿಗೆ ಬರುವವರೇ ಹೆಚ್ಚು. ನುಡಿಯದ ರೀಡಿನ ನಾಲಿಗೆಯ ಕೆಳಗೆ ತೆಳು ಕಾಗದ ಆಡಿಸಿ ದೂಳು ತೆಗೆಯುವುದು, ಶ್ರುತಿ ಇಳಿದಿದ್ದರೆ ನಾಲಿಗೆಯ ತುದಿಯನ್ನು, ಏರಿದ್ದರೆ ಬುಡವನ್ನು ಎಚ್ಚರದಿಂದ ಕೆರೆಯುವುದು, ಇವನ್ನು ನಮ್ಮ ಅಂಗಡಿಯ ಹಿರಿಯ ಕಾರಿಗರ ಪಕ್ಕದಲ್ಲಿ ಕೂತು ಕಲಿತೆ.

ಈ ಕೆಲಸಕ್ಕೆ ಬರಬೇಕೆಂದು ಕೇಳುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು, ಮೊದಲ ವರ್ಷವೇ ರಿಪೇರಿ ಕಲಿಯಿರಿ ಎಂದು. ಬರಿಯ ಮಾರಾಟಗಾರನ ಸಂಬಳ ಬಟ್ಟೆ ಅಂಗಡಿಯ ಸಂಬಳಕ್ಕಿಂತ ಹೆಚ್ಚೇನಿಲ್ಲ. ಪೇಟಿ ಬಿಚ್ಚಿ ಜೋಡಿಸಬಲ್ಲವನಿಗೆ, ಪುಡಿ ಬದಲಿಸಬಲ್ಲವನಿಗೆ ಮಾಲೀಕರು ಹೆಚ್ಚು ಕೊಡುತ್ತಾರೆ; ಆನ್‌ಲೈನಿನಲ್ಲಿ ಐನೂರು ರೂಪಾಯಿ ಕಡಿಮೆಗೆ ತರಿಸಿಕೊಂಡವರೂ ಮೊದಲ ಮಳೆ ಬಿದ್ದ ವಾರ ಅವನನ್ನೇ ಹುಡುಕಿಕೊಂಡು ಬರುತ್ತಾರೆ.